ಗರ್ಭ ಹೋದ ಮೇಲೆ ಓದ್ಲಿಕ್ಕೆ ಯಾವ ಪುಸ್ತಕ? ಮನೆಯಲ್ಲಿ ನಾಲ್ಕು ಜನ, ನಾಲ್ಕು ತರದವರು

ಪಡುಬಿದ್ರಿ ಅಕ್ಕ:

ತಂಗಿಗೆ ಒಂಬತ್ತನೇ ವಾರದ ಸ್ಕ್ಯಾನಲ್ಲಿ ಹಾರ್ಟ್‌ಬೀಟ್ ಸಿಗಲಿಲ್ಲ. ಡಿ ಆ್ಯಂಡ್ ಸಿ (ಗರ್ಭಕೋಶ ಸ್ವಚ್ಛ ಮಾಡುವುದು) ಆಗಿ ಮನೆಗೆ ಬಂದಿದ್ದಾಳೆ. ಓದುವ ಹುಡುಗಿ, "ಇದರ ಬಗ್ಗೆ ಏನಾದ್ರೂ ಓದ್ಲಿಕ್ಕೆ ತಂದುಕೊಡು" ಅಂತ ಅವಳೇ ಕೇಳಿದ್ದು. ಆನ್‌ಲೈನಲ್ಲಿ ಹುಡುಕಿದರೆ ಅರ್ಧ ಪುಸ್ತಕಗಳ ಮುಖಪುಟದಲ್ಲೇ ಮಗುವಿನ ಪಾದ. ಉಳಿದ ಅರ್ಧ "ಇದನ್ನು ತಿನ್ನಿ, ಮುಂದಿನ ಸಲ ಖಂಡಿತ" ಅನ್ನುವ ನಮೂನೆಯವು.

ಅವಳು ಕನ್ನಡ, ಇಂಗ್ಲಿಷ್ ಎರಡೂ ಓದುತ್ತಾಳೆ. ಅವಳ ಗಂಡನಿಗೆ ಎಲ್ಲದಕ್ಕೂ ಲೆಕ್ಕ, ಪುರಾವೆ ಬೇಕು. ದುಃಖದ ಪುಸ್ತಕ ಅಂದರೆ ಮುಟ್ಟುವುದೇ ಇಲ್ಲ. ಅವಳ ಅತ್ತೆಗೆ ಕನ್ನಡ ಮಾತ್ರ ಬರ್ತದೆ. ಪಪ್ಪಾಯಿ ತಿಂದದ್ದು, ಸ್ಕೂಟರಲ್ಲಿ ಸುರತ್ಕಲ್‌ಗೆ ಹೋಗಿಬಂದದ್ದು ಅಂತ ಒಂದೊಂದೇ ಕಾರಣ ತೆಗೆಯುತ್ತಿದ್ದಾರೆ, ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸುವ ಮಾತೂ ಎದ್ದಿದೆ. ಐದು ವರ್ಷದ ಮಗ ಒಬ್ಬ ಇದ್ದಾನೆ, "ಪಾಪು ಯಾವಾಗ ಬರ್ತದೆ" ಅಂತ ಕೇಳುತ್ತಲೇ ಇದ್ದಾನೆ.

ಯಾರಿಗೆ ಯಾವುದು ಕೊಡಬಹುದು? ಕನ್ನಡದಲ್ಲಿ ಎಂತ ಉಂಟು? ಯಾವುದನ್ನು ಕೊಡಲೇಬಾರದು ಅಂತಲೂ ಹೇಳಿ. ಮಂಗಳೂರು, ಉಡುಪಿ ಎರಡೂ ಕಡೆ ಹೋಗಿ ತರಬಹುದು.

——

ಬಾವುಟಗುಡ್ಡೆ ಓದುಗ:

ಅಕ್ಕಾ, ಹೆಸರಿನ ಪಟ್ಟಿ ಆಮೇಲೆ. ಮೊದಲು ಪುಸ್ತಕ ಕೈಗೆ ಬಂದಾಗ ಎಲ್ಲಿ ನೋಡಬೇಕು ಅಂತ ಹೇಳುತ್ತೇನೆ, ಯಾಕೆಂದರೆ ಈ ವಿಷಯದಲ್ಲಿ ತಪ್ಪು ಪುಸ್ತಕ ಕೊಡುವುದಕ್ಕಿಂತ ಕೊಡದೆ ಇರುವುದು ಲೇಸು.

ಶೀರ್ಷಿಕೆ ಪುಟದ ಹಿಂಬದಿ ತೆರೆಯಿರಿ. ನಮ್ಮ ಕನ್ನಡ ಆರೋಗ್ಯ ಪುಸ್ತಕಗಳಲ್ಲಿ ಅಲ್ಲಿ ಸಣ್ಣ ಅಕ್ಷರದಲ್ಲಿ "ಮೊದಲ ಮುದ್ರಣ" ಅಂತ ಒಂದು ಇಸವಿ, ಕೆಳಗೆ "ಹತ್ತನೇ ಮುದ್ರಣ" ಅಂತ ಇನ್ನೊಂದು ಇಸವಿ ಇರ್ತದೆ. ಮುದ್ರಣ ಹೊಸದಾದ ಮಾತ್ರಕ್ಕೆ ಒಳಗಿನ ವಿಷಯ ಹೊಸತಾಗುವುದಿಲ್ಲ. "ಪರಿಷ್ಕೃತ ಆವೃತ್ತಿ" ಅಂತ ಬೇರೆಯಾಗಿ ಬರೆದಿದ್ದರೆ ಮಾತ್ರ ತಿದ್ದಿದ್ದಾರೆ ಅಂತ ಲೆಕ್ಕ. ಇಲ್ಲದಿದ್ದರೆ ಮೊದಲ ಇಸವಿಯೇ ಪುಸ್ತಕದ ನಿಜವಾದ ವಯಸ್ಸು.

ಇದು ಯಾಕೆ ಮುಖ್ಯ ಅಂದರೆ, ಚಿಕಿತ್ಸೆಯ ಮಾತು ಬದಲಾಗಿದೆ. ಗರ್ಭ ಹೋದ ಮೇಲೆ ಕನಿಷ್ಠ 6 ತಿಂಗಳು ಕಾಯಿರಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಭೆ 2005ರಲ್ಲಿ ಹೇಳಿತ್ತು. ಆಮೇಲಿನ ಅಧ್ಯಯನಗಳಲ್ಲಿ, ಮೊದಲ ತಿಂಗಳುಗಳಲ್ಲಿ ಹೋದ ಸಾಮಾನ್ಯ ಗರ್ಭದ ಬಳಿಕ ಅಷ್ಟು ಕಾಯುವುದರಿಂದ ಲಾಭ ಕಾಣಲಿಲ್ಲ. ಗರ್ಭ ಉಳಿಯಲಿ ಎಂದು ಕೊಡುವ ಪ್ರೊಜೆಸ್ಟರಾನ್ ಹಾರ್ಮೋನಿನ ಕಥೆಯೂ ಹಾಗೆಯೇ. ಕಾರಣ ತಿಳಿಯದೆ ಪದೇ ಪದೇ ಗರ್ಭ ಹೋದವರಿಗೆ ಅದರಿಂದ ಪ್ರಯೋಜನ ಇಲ್ಲ ಎಂದು 2015ರ ಪ್ರಾಮಿಸ್ ಪ್ರಯೋಗ ಹೇಳಿತು. 2019ರ ಪ್ರಿಸಮ್ ಪ್ರಯೋಗದಲ್ಲಿ ಎಲ್ಲರನ್ನೂ ಸೇರಿಸಿ ನೋಡಿದರೆ ಲಾಭ ಇರಲಿಲ್ಲ, ಆದರೆ ಹಿಂದೆ ಗರ್ಭ ಹೋಗಿದ್ದು ಈ ಸಲ ಶುರುವಿನಲ್ಲಿ ರಕ್ತ ಕಂಡವರ ಗುಂಪಿನಲ್ಲಿ ಲಾಭದ ಸೂಚನೆ ಇತ್ತು. ಅದರ ಮೇಲೆ 2021ರಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ ತನ್ನ ಸಲಹೆ ತಿದ್ದಿತು. 2010ರ ಪುಸ್ತಕ ಓದಿ "ನನಗೆ ಯಾಕೆ ಆ ಮಾತ್ರೆ ಕೊಡಲಿಲ್ಲ" ಅಂತಲೋ "ಯಾಕೆ ಕೊಟ್ಟರು" ಅಂತಲೋ ಕೊರಗುವವರು ಇದ್ದಾರೆ. ಹಾಗಾಗಿ ವೈದ್ಯಕೀಯ ಪುಸ್ತಕವಾದರೆ ಹೊಸತೇ ಬೇಕು. ಮನಸ್ಸಿನ ಪುಸ್ತಕಕ್ಕೆ ಇಸವಿಯ ಗೊಡವೆ ಅಷ್ಟಿಲ್ಲ.

ಎರಡನೆಯದು, ಎಷ್ಟನೇ ವಾರದ ಬಗ್ಗೆ ಬರೆದದ್ದು ನೋಡಿ. ಒಂಬತ್ತು ವಾರಕ್ಕೆ ಹೋದವರಿಗೆ ತುಂಬಿದ ತಿಂಗಳ ಮಗು ಸತ್ತು ಹುಟ್ಟಿದ ಪುಸ್ತಕ ಕೊಟ್ಟರೆ "ನನ್ನದೇನು ಮಹಾ" ಅನ್ನಿಸಿ ಅಳುವುದಕ್ಕೂ ನಾಚಿಕೆ ಆಗ್ತದೆ. ಪರಿವಿಡಿ ನೋಡಿದರೆ ಗೊತ್ತಾಗ್ತದೆ.

ಮೂರನೆಯದನ್ನು ಹೆಚ್ಚಿನವರು ನೋಡುವುದಿಲ್ಲ: ಕೊನೆಯ ಅಧ್ಯಾಯ. ಆತ್ಮಕಥೆಯ ಧಾಟಿಯ ಪುಸ್ತಕಗಳು ಎಷ್ಟೋ ಕೈಯಲ್ಲಿ ಮಗು ಬರುವುದರೊಂದಿಗೆ ಮುಗಿಯುತ್ತವೆ. ಕೆಲವರಿಗೆ ಅದು ಧೈರ್ಯ, ಕೆಲವರಿಗೆ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಕೊಡುವ ಮೊದಲು ನೀವು ಓದಿ, "ಕೊನೆಯಲ್ಲಿ ಹೀಗಾಗ್ತದೆ, ಬೇಕಾದರೆ ಓದು" ಅಂತ ಹೇಳಿಬಿಡಿ.

ಈಗ ಹೆಸರುಗಳು. ತಂಗಿಗೆ ಜೂಲಿಯಾ ಬ್ಯೂನೊ ಅವರ "ದ ಬ್ರಿಂಕ್ ಆಫ್ ಬೀಯಿಂಗ್" (2019). ಲೇಖಕಿ ಮನಶ್ಶಾಸ್ತ್ರ ಚಿಕಿತ್ಸಕಿ, ವಿಷಯ ಗರ್ಭ ಹೋಗುವುದೇ, ಬೇರೆ ಬೇರೆ ವಾರಗಳಲ್ಲಿ ಕಳೆದುಕೊಂಡವರ ಅನುಭವಗಳಿವೆ. ಒಂದೇ ಪುಸ್ತಕ ತರುವುದಾದರೆ ಇದು. ವೈದ್ಯಕೀಯಕ್ಕೆ ಲೆಸ್ಲಿ ರೀಗನ್ ಅವರ "ಮಿಸ್‌ಕ್ಯಾರೇಜ್: ವಾಟ್ ಎವ್ರಿ ವುಮನ್ ನೀಡ್ಸ್ ಟು ನೋ". ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಪದೇ ಪದೇ ಗರ್ಭ ಹೋಗುವವರ ಕ್ಲಿನಿಕ್ ನಡೆಸಿದವರು. ಮೊದಲು ಬಂದದ್ದು 1997ರಲ್ಲಿ. ಸೆಕೆಂಡ್‌ಹ್ಯಾಂಡಲ್ಲಿ ಆ ಹಳೆಯ ಪ್ರತಿಗಳು ಓಡಾಡುತ್ತವೆ, ಅದು ಬೇಡ. 2018ರ ಪರಿಷ್ಕೃತ ಆವೃತ್ತಿಯನ್ನೇ ಕೇಳಿ. ಅದು ಕೂಡ ಪ್ರಿಸಮ್‌ಗಿಂತ ಮೊದಲಿನದು, ಆದ್ದರಿಂದ ಪ್ರೊಜೆಸ್ಟರಾನ್ ವಿಷಯ ಡಾಕ್ಟರಲ್ಲೇ ಕೇಳಬೇಕು.

ಅವಳ ಗಂಡನಿಗೆ ಜಾನ್ ಕೋಹೆನ್ ಅವರ "ಕಮಿಂಗ್ ಟು ಟರ್ಮ್" (2005). ಲೇಖಕ ವಿಜ್ಞಾನ ಪತ್ರಕರ್ತ, ಹೆಂಡತಿಗೆ ಹಲವು ಸಲ ಗರ್ಭ ಹೋದ ಮೇಲೆ "ಇದರ ಬಗ್ಗೆ ನಿಜವಾಗಿ ಎಷ್ಟು ಗೊತ್ತಿದೆ" ಅಂತ ಹುಡುಕಿಕೊಂಡು ಹೋದವರು. ಪುರಾವೆ ಇಲ್ಲದೆ ಕೊಟ್ಟ ಔಷಧ ಏನು ಮಾಡಿತು ಎನ್ನುವುದಕ್ಕೆ ಅದರಲ್ಲಿ ಡಿಇಎಸ್ ಮಾತ್ರೆಯ ಚರಿತ್ರೆ ಉಂಟು. ಗರ್ಭ ನಿಲ್ಲಲಿ ಎಂದು ಅಮೆರಿಕದಲ್ಲಿ ವರ್ಷಗಟ್ಟಲೆ ಕೊಟ್ಟರು, ಉಪಯೋಗವಿಲ್ಲ ಎಂದು 1953ರಲ್ಲೇ ಪ್ರಯೋಗ ತೋರಿಸಿತು, ಆದರೂ ನಿಲ್ಲಲಿಲ್ಲ. ಆ ತಾಯಂದಿರ ಹೆಣ್ಣುಮಕ್ಕಳಲ್ಲಿ ಅಪರೂಪದ ಕ್ಯಾನ್ಸರ್ ಕಂಡದ್ದು 1971ರಲ್ಲಿ. ಲೆಕ್ಕದ ಮನುಷ್ಯ ಇದನ್ನು ಕೆಳಗಿಡುವುದಿಲ್ಲ. ಚಿಕಿತ್ಸೆಗೆ ಹಳತು, ಯೋಚಿಸುವ ಕ್ರಮಕ್ಕೆ ಈಗಲೂ ಒಳ್ಳೆಯದು.

ಕನ್ನಡದಲ್ಲಿ ಈ ದುಃಖಕ್ಕೆಂದೇ ಬರೆದದ್ದನ್ನು ಅಂಗಡಿಯಲ್ಲಿ ಕೇಳಿದರೆ ಗರ್ಭಿಣಿ ಆರೈಕೆಯ ಪುಸ್ತಕ ಕೈಗಿಡುತ್ತಾರೆ. ಅದನ್ನು ತರಬೇಡಿ, ಪುಟಕ್ಕೊಂದು ತುಂಬಿದ ಹೊಟ್ಟೆಯ ಚಿತ್ರ ಇರ್ತದೆ. ಡಾ. ಅನುಪಮಾ ನಿರಂಜನರ "ತಾಯಿ ಮಗು"ವನ್ನು ಎಷ್ಟೋ ಮನೆಗಳಲ್ಲಿ ಓದಿದ್ದಾರೆ, ಅತ್ತೆಯ ತಲೆಮಾರಿಗೆ ಆ ಹೆಸರಿನ ಮೇಲೆ ಗೌರವ ಉಂಟು. ಆದರೆ ಅವರು ತೀರಿಕೊಂಡದ್ದು 1991ರಲ್ಲಿ, ಚಿಕಿತ್ಸೆಯ ಭಾಗಕ್ಕೆ ಅದನ್ನು ನೆಚ್ಚುವ ಹಾಗಿಲ್ಲ. ಮನಸ್ಸಿನ ವಿಷಯಕ್ಕೆ ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರು ಖಿನ್ನತೆ, ಆತಂಕದ ಬಗ್ಗೆ ಬರೆದ ಸಣ್ಣ ಪುಸ್ತಕಗಳು ಧಾರಾಳ ಇವೆ. ಮಂಗಳೂರಿನ ನವಕರ್ನಾಟಕ ಮಳಿಗೆಯಲ್ಲಿ ಕೇಳಿ.

ಬಾವುಟಗುಡ್ಡೆ ಗ್ರಂಥಾಲಯದಲ್ಲಾಗಲಿ ಉಡುಪಿಯ ಅಜ್ಜರಕಾಡಿನಲ್ಲಾಗಲಿ ಹುಡುಕುವುದಾದರೆ, ಡ್ಯೂಯಿ ಸಂಖ್ಯೆ (ವಿಷಯವಾರು ಪುಸ್ತಕ ಜೋಡಿಸುವ ಅಂಕೆ) ಹಚ್ಚಿದ ಕಪಾಟಿನಲ್ಲಿ 618.39ರ ಆಸುಪಾಸು ಗರ್ಭ ಹೋಗುವ ವಿಷಯ, 155.937ರಲ್ಲಿ ಸಾವು ಮತ್ತು ದುಃಖದ ಮನಶ್ಶಾಸ್ತ್ರ. ಎರಡು ಕಪಾಟು ದೂರ ದೂರ ಇರ್ತದೆ, ಒಂದನ್ನೇ ನೋಡಿ "ಇಲ್ಲ" ಅಂತ ವಾಪಸ್ ಬರಬೇಡಿ.

——

ಮಣಿಪಾಲ ಆಪ್ತಸಮಾಲೋಚಕಿ:

ಮೇಲಿನವರು ಹೇಳಿದ ಆಯ್ಕೆಗೆ ನನ್ನದೂ ಒಪ್ಪಿಗೆ. ಓದಿಸುವ ಕ್ರಮದ ಬಗ್ಗೆ ಮಾತ್ರ ಸೇರಿಸುತ್ತೇನೆ.

ಮೊದಲ ಎರಡು ಮೂರು ವಾರ ಇಡೀ ಪುಸ್ತಕ ಓದುವ ಗಮನ ಇರುವುದಿಲ್ಲ. ನಿದ್ದೆ ಕೆಟ್ಟಿರುತ್ತದೆ, ಹಾರ್ಮೋನ್ ಇಳಿಯುತ್ತಿರುತ್ತದೆ, ಒಂದೇ ಪ್ಯಾರಾ ಮೂರು ಸಲ ಓದಿದರೂ ತಲೆಗೆ ಹೋಗದು. "ಓದಲೂ ಆಗುತ್ತಿಲ್ಲ" ಎನ್ನುವುದು ಇನ್ನೊಂದು ಸೋಲಿನಂತೆ ಕಾಣಬಾರದು. ಆದ್ದರಿಂದ ಮೊದಲು ಕರಪತ್ರ, ಆಮೇಲೆ ಪುಸ್ತಕ. ಬ್ರಿಟನ್ನಿನ ಮಿಸ್‌ಕ್ಯಾರೇಜ್ ಅಸೋಸಿಯೇಷನ್ ತನ್ನ ಕರಪತ್ರಗಳನ್ನು ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ: ಭಾವನೆಗಳ ಬಗ್ಗೆ ಒಂದು, ಸಂಗಾತಿಗೆ ಒಂದು, ಮುಂದಿನ ಗರ್ಭದ ಯೋಚನೆಗೆ ಒಂದು. ಮೊದಲ ಎರಡನ್ನು ಪ್ರಿಂಟ್ ತೆಗೆಸಿ ಕೊಡಿ. ಮೂರನೆಯದು ಅವಳೇ ಕೇಳಿದ ದಿನ. ಅಲ್ಲಿನ ರಜೆ, ಆಸ್ಪತ್ರೆ ವ್ಯವಸ್ಥೆಯ ಮಾತುಗಳು ನಮಗೆ ಹೊಂದುವುದಿಲ್ಲ, ಬಿಟ್ಟು ಓದಬೇಕು. ಅಂದ ಹಾಗೆ ಅವಳು ಕೆಲಸಕ್ಕೆ ಹೋಗುವವಳಾದರೆ, ಗರ್ಭ ಹೋದಾಗ ಆರು ವಾರದ ಸಂಬಳಸಹಿತ ರಜೆಯನ್ನು ನಮ್ಮ ಹೆರಿಗೆ ಸೌಲಭ್ಯದ ಕಾನೂನೇ ಕೊಟ್ಟಿದೆ. ಡಿಸ್ಚಾರ್ಜ್ ಕಾಗದ ಜೋಪಾನವಾಗಿಡಿ, ಪುರಾವೆಗೆ ಅದೇ ಬೇಕು.

ಪುಸ್ತಕ ಕೊಡುವಾಗ ಮೊದಲ ಪುಟದಿಂದ ಓದು ಎನ್ನಬೇಡಿ. ಅವಳಿಗೆ ಹೊಂದುವ ಎರಡು ಅಧ್ಯಾಯಕ್ಕೆ ಬಣ್ಣದ ಚೀಟಿ ಅಂಟಿಸಿ. ಈಗ ಬೇಡ ಎನಿಸುವ ಪುಟಗಳನ್ನು ಒಟ್ಟು ಸೇರಿಸಿ ದೊಡ್ಡ ಕ್ಲಿಪ್ ಹಾಕಿ, ಹರಿಯಬೇಡಿ, ಅಡಗಿಸಬೇಡಿ. ಬೇಕಾದಾಗ ಅವಳೇ ತೆಗೆಯುತ್ತಾಳೆ. ಒಂದು ಸಲಕ್ಕೆ ಐದಾರು ಪುಟ ಸಾಕು, ಹಗಲು ಹೊತ್ತಿನಲ್ಲಿ. ರಾತ್ರಿ ಮಲಗುವ ಮೊದಲು ಓದಿದರೆ ಅದೇ ಸುತ್ತಿ ಸುತ್ತಿ ಬರುತ್ತದೆ.

ಅತ್ತೆಯ ವಿಷಯ. ಅವರಿಗೆ ಪುಸ್ತಕಕ್ಕಿಂತ ಒಂದು ಪುಟ ಸಾಕು, ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ನೀವೇ ಬರೆದದ್ದು. ಬರೆಯಬೇಕಾದ್ದು ಇಷ್ಟೇ: ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಅರ್ಧದಷ್ಟಕ್ಕೆ ಕಾರಣ ವರ್ಣತಂತುಗಳ ಲೆಕ್ಕ ತಪ್ಪಿರುವುದು. ಆ ಲೆಕ್ಕ ಬಹುಮಟ್ಟಿಗೆ ತಪ್ಪುವುದು ಗರ್ಭ ಕಟ್ಟುವ ಹೊತ್ತಿಗೇ, ಅಂದರೆ ಪಪ್ಪಾಯಿ, ಸ್ಕೂಟರು ಎಲ್ಲಕ್ಕಿಂತ ಮೊದಲೇ. ಇನ್ನೊಂದು, ಸ್ಕ್ಯಾನ್ ವರದಿಯಲ್ಲಿ ಸಿಆರ್‌ಎಲ್ ಎಂದು ಮಿಲಿಮೀಟರಿನಲ್ಲಿ ಭ್ರೂಣದ ಉದ್ದದ ಒಂದು ಅಳತೆ, ಪಕ್ಕದಲ್ಲಿ ಅದಕ್ಕೆ ಸರಿಯಾದ ವಾರ ಬರೆದಿರುತ್ತಾರೆ. ತಿಂಗಳ ಲೆಕ್ಕದಲ್ಲಿ ಒಂಬತ್ತು ವಾರ ಇದ್ದು ಅಲ್ಲಿ ಏಳು ವಾರ ಚಿಲ್ಲರೆ ಎಂದಿದ್ದರೆ, ಬೆಳವಣಿಗೆ ಹಿಂದೆಯೇ ನಿಂತಿತ್ತು ಎಂದು ಅರ್ಥ. ಮೊನ್ನೆಯ ಸುರತ್ಕಲ್ ಪ್ರಯಾಣ ಲೆಕ್ಕಕ್ಕೇ ಬರುವುದಿಲ್ಲ. ಆ ಸಾಲನ್ನು ಪೆನ್ನಿನಲ್ಲಿ ಗುರುತು ಮಾಡಿ ತೋರಿಸಿ. ದೊಡ್ಡವರು ಭಾಷಣ ಕೇಳುವುದಿಲ್ಲ, ಆಸ್ಪತ್ರೆಯ ಕಾಗದ ನೋಡುತ್ತಾರೆ.

ಪ್ರಶ್ನೆ, ಆಶ್ಲೇಷಾ ಬಲಿ ಇವುಗಳನ್ನು ಹೊರಗಿನ ಯಾವ ಪುಸ್ತಕವೂ ಮುಟ್ಟುವುದಿಲ್ಲ, ನಮ್ಮ ಮನೆಗಳಲ್ಲಿ ಮಾತ್ರ ಮೊದಲು ಬರುವುದೇ ಅದು. ಪೂಜೆಯೇ ಬೇಡ ಎಂದು ಜಗಳಕ್ಕಿಳಿಯುವುದು ನನ್ನ ಪ್ರಕಾರ ದಂಡ. ಮನೆಮಂದಿ ಒಟ್ಟಿಗೆ ಕೂತು ಹೋದ ಜೀವಕ್ಕೆ ಕೈಮುಗಿಯುವುದು ಹಲವರಿಗೆ ಸಮಾಧಾನ ತರುತ್ತದೆ. ಆದರೆ "ಇವಳ ಜಾತಕದಿಂದ" ಎನ್ನುವ ಮಾತು ಹೊರಟರೆ ಅಲ್ಲಿಗೆ ತಡೆಯಬೇಕು, ಆ ಮಾತನ್ನು ಅವಳ ಗಂಡನೇ ಆಡಬೇಕು. ಹೊರಗಿನಿಂದ ಬಂದ ಅಕ್ಕ ಆಡಿದರೆ ಬೇರೆ ಅರ್ಥ ಬರುತ್ತದೆ.

ಕೊಡಬಾರದ್ದು: ಒರಿಯಾನಾ ಫಲ್ಲಾಚಿಯ "ಲೆಟರ್ ಟು ಎ ಚೈಲ್ಡ್ ನೆವರ್ ಬಾರ್ನ್" (1975). ಹೆಸರು ನೋಡಿ ಸಾಂತ್ವನದ ಪುಸ್ತಕ ಎಂದು ತರುತ್ತಾರೆ. ಅದು ಕಾದಂಬರಿ, ಅದರೊಳಗೆ ಆ ತಾಯಿಯ ಮೇಲೆ ವಿಚಾರಣೆಯೇ ನಡೆಯುತ್ತದೆ. ತನ್ನನ್ನೇ ದೂರಿಕೊಳ್ಳುತ್ತಿರುವವಳಿಗೆ ವಿಷ. ಎಲಿಜಬೆತ್ ಮೆಕ್‌ಕ್ರ್ಯಾಕನ್ ಅವರ 2008ರ ಆತ್ಮಕಥನ ಬರವಣಿಗೆಗೆ ಬಹಳ ಚೆನ್ನ, ಒಂದು ಮಗು ಹೋಗುತ್ತದೆ, ಇನ್ನೊಂದು ಹುಟ್ಟುತ್ತದೆ ಎಂದು ಶುರುವಿನಲ್ಲೇ ಹೇಳಿಬಿಡುತ್ತಾರೆ. ಆದರೆ ಅದು ತಿಂಗಳು ತುಂಬಿದ ಮಗುವಿನ ಕಥೆ, ಈಗಲೇ ಬೇಡ. ಬೇಂದ್ರೆಯವರ "ನೀ ಹೀಂಗ ನೋಡಬ್ಯಾಡ ನನ್ನ" ಯಾರಾದರೂ ವಾಟ್ಸಾಪಿನಲ್ಲಿ ಕಳಿಸಿಯೇ ಕಳಿಸುತ್ತಾರೆ. ಹುಟ್ಟಿ ತೀರಿಕೊಂಡ ಮಗುವಿನ ಕವಿತೆ ಅದು. ಅವಳಿಗೆ ಭಾರವಾದೀತು. ಗಂಡನಿಗೆ ಮಾತ್ರ ಕೊಟ್ಟು ನೋಡಬಹುದು: ಹೆಂಡತಿಯ ಮುಖ ನೋಡಲಾಗದೆ ನಿಂತ ಗಂಡಸಿನ ಮಾತು ಇಷ್ಟು ನೇರವಾಗಿ ಬೇರೆಲ್ಲೂ ಓದಿದ ನೆನಪಿಲ್ಲ, ದುಃಖದ ಪುಸ್ತಕ ಮುಟ್ಟದವರೂ ಒಂದು ಪದ್ಯ ಓದುತ್ತಾರೆ.

ಮಗನಿಗೆ ಚಿತ್ರಪುಸ್ತಕ ಬೇಕೆಂದರೆ "ಟಿಯರ್ ಸೂಪ್" (1999) ಉಂಟು, ಎಲ್ಲ ಬಗೆಯ ದುಃಖಕ್ಕೂ ಆಗುತ್ತದೆ, ತಂಗಿಯೂ ಓದಬಹುದು. ಅದೇ ಲೇಖಕಿ ಗರ್ಭ ಹೋದ ಮನೆಯ ಮಕ್ಕಳಿಗೆಂದೇ ಬರೆದ ಇನ್ನೊಂದರಲ್ಲಿ ಪಾಪು ದೇವದೂತ ಆಯಿತು ಎಂದು ಬರುತ್ತದೆ, ಅದು ನಿಮ್ಮ ಮನೆಯ ಮಾತಿಗೆ ಹೊಂದಿದರೆ ಸರಿ. ಪುಸ್ತಕ ಇಲ್ಲದೆಯೂ ನಡೆಯುತ್ತದೆ: "ಪಾಪು ಹೊಟ್ಟೆಯಲ್ಲಿ ಬೆಳೆಯಲಿಲ್ಲ, ಈಗ ಇಲ್ಲ, ಬರುವುದಿಲ್ಲ. ನೀನು ಏನೂ ಮಾಡಿದ್ದರಿಂದ ಅಲ್ಲ." "ಮಲಗಿದೆ", "ಆಸ್ಪತ್ರೆಯಲ್ಲಿ ಬಿಟ್ಟು ಬಂದೆವು" ಎನ್ನಬೇಡಿ. ಮಲಗಲು, ಆಸ್ಪತ್ರೆಗೆ ಹೋಗಲು ಹೆದರುತ್ತಾನೆ.

ಓದು ಸಾಲದೆ ಹೋಗುವುದೂ ಇದೆ. ಮೊದಲ ತಿಂಗಳುಗಳಲ್ಲಿ ಗರ್ಭ ಕಳೆದುಕೊಂಡ ಮಹಿಳೆಯರ ಮೇಲೆ ಲಂಡನ್ನಿನ ಆಸ್ಪತ್ರೆಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ತಿಂಗಳ ಬಳಿಕ ಶೇ. 29 ಮಂದಿಯಲ್ಲಿ ಆಘಾತೋತ್ತರ ಒತ್ತಡದ ಲಕ್ಷಣ ಇತ್ತು, ಒಂಬತ್ತು ತಿಂಗಳಿಗೂ ಶೇ. 18ರಲ್ಲಿ ಉಳಿದಿತ್ತು. ಅದೇ ದೃಶ್ಯ ಮತ್ತೆ ಮತ್ತೆ ಕಣ್ಣಿಗೆ ಬರುವುದು, ಸ್ಕ್ಯಾನ್ ಸೆಂಟರಿನ ರಸ್ತೆಯನ್ನೇ ತಪ್ಪಿಸುವುದು, ಬದುಕಿ ಏನು ಎನ್ನುವ ಮಾತು ಕಂಡರೆ ಪುಸ್ತಕ ಬದಿಗಿಟ್ಟು ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

——

ಕಟಪಾಡಿ ಕಾಗದದಂಗಡಿ:

ಒಂದು ಸಣ್ಣ ವಿಷಯ. ತಂಗಿಯ ಫೋನಿಂದ ಪುಸ್ತಕ ಹುಡುಕಬೇಡಿ ಮಾರ್ರೆ. ಅವಳ ಅಕೌಂಟಲ್ಲಿ ಒಂದು ಸಲ ಹುಡುಕಿದರೆ ಮರುದಿನದಿಂದ ಡೈಪರು, ತೊಟ್ಟಿಲು ಅಂತ ಜಾಹೀರಾತು ಸುರಿಯುತ್ತದೆ. ನಿಮ್ಮ ಫೋನಿಂದ ಆರ್ಡರ್ ಮಾಡಿ, ನಿಮ್ಮ ವಿಳಾಸಕ್ಕೇ ತರಿಸಿ. ಅವಳ ಫೋನಲ್ಲಿ ಗರ್ಭಿಣಿಯರ ಆ್ಯಪ್ ಇದ್ದರೆ ಬರೇ ಅಳಿಸಿದರೆ ಸಾಲದು. ಒಳಗೆ ಹೋಗಿ "ಗರ್ಭ ಮುಂದುವರಿದಿಲ್ಲ" ಅಂತ ದಾಖಲಿಸುವ ಆಯ್ಕೆ ಇದ್ದರೆ ಒತ್ತಿ, ಇಮೇಲ್ ನಿಲ್ಲಿಸಿ, ಆಮೇಲೆ ಅಳಿಸಿ. ಇಲ್ಲದಿದ್ದರೆ "ಈ ವಾರ ನಿಮ್ಮ ಮಗು ಇಷ್ಟು ದೊಡ್ಡದಾಗಿದೆ" ಅಂತ ಮೇಲ್ ಬರುತ್ತಾ ಇರ್ತದೆ.

ಅಂಗಡಿಯವರಿಗೆ ಹೆಸರು ಹೇಳುವುದಕ್ಕಿಂತ 13 ಅಂಕೆಯ ಐಎಸ್‌ಬಿಎನ್ ಕೊಡಿ. ಒಂದೊಂದು ಆವೃತ್ತಿಗೆ ಒಂದೊಂದು ಸಂಖ್ಯೆ, ಹಳತು ಬಂದು ಬೀಳುವುದಿಲ್ಲ. ಆಮದು ಪ್ರತಿಗೆ ವಾರಗಟ್ಟಲೆ ಕಾಯಬೇಕಾದೀತು, ಅಷ್ಟರೊಳಗೆ ಇ-ಪುಸ್ತಕದ ಮಾದರಿ ಅಧ್ಯಾಯ ಪುಕ್ಕಟೆ ಸಿಕ್ಕಿದರೆ ನೀವು ಓದಿ ನೋಡಿ. ಮತ್ತೆ ಪುಸ್ತಕಕ್ಕೆ ಬ್ರೌನ್ ಪೇಪರ್ ಬೈಂಡ್ ಹಾಕಿಯೇ ಕೊಡಿ. ಮನೆಗೆ ಬಂದವರೆಲ್ಲ ಮುಖಪುಟ ಓದಬೇಕಂತ ಇಲ್ಲ.

——

ಹೆರಿಗೆ ವಾರ್ಡ್ ಸಿಸ್ಟರ್:

ಪುಸ್ತಕ ಕೊಡುವ ಮೊದಲು ಡಿಸ್ಚಾರ್ಜ್ ಕಾಗದದಲ್ಲಿ ಎಂತ ಬರೆದಿದ್ದಾರೆ ಅಂತ ನೋಡಿದ್ದೀರಾ? ಎಲ್ಲರೂ ಅದನ್ನು ಬಿಟ್ಟು ಮಾತಾಡುತ್ತಿದ್ದೀರಿ. ಈ ಪುಸ್ತಕಗಳಲ್ಲಿ "ಒಂದು ಮುಟ್ಟು ಆದ ಮೇಲೆ ಮನಸ್ಸಿದ್ದರೆ ಪ್ರಯತ್ನಿಸಬಹುದು" ಅಂತ ಇರುವುದು ಸಾಮಾನ್ಯ ಗರ್ಭಸ್ರಾವಕ್ಕೆ. ನಾಳದಲ್ಲಿ ಗರ್ಭ ಕಟ್ಟಿ ಮೆಥೊಟ್ರೆಕ್ಸೇಟ್ ಇಂಜೆಕ್ಷನ್ ಆಗಿದ್ದರೆ ಕನಿಷ್ಠ 3 ತಿಂಗಳು ಬಿಡಬೇಕು. ಆ ಮದ್ದು ಫೋಲಿಕ್ ಆ್ಯಸಿಡ್‌ನ ಕೆಲಸ ತಡೆಯುತ್ತದೆ, ಹೊಸ ಭ್ರೂಣಕ್ಕೆ ಅಪಾಯ. ಮೋಲಾರ್ ಗರ್ಭ (ಮಾಸು ಅಸಹಜವಾಗಿ ಬೆಳೆದ ಗರ್ಭ) ಅಂತಿದ್ದರೆ ಬೀಟಾ ಎಚ್‌ಸಿಜಿ ಎನ್ನುವ ಗರ್ಭದ ಹಾರ್ಮೋನಿನ ರಕ್ತಪರೀಕ್ಷೆಯ ಸರಣಿ ಮುಗಿದು ಡಾಕ್ಟರು ಹೂಂ ಅನ್ನುವ ತನಕ ಗರ್ಭ ನಿಲ್ಲಬಾರದು. ಮಧ್ಯದಲ್ಲಿ ನಿಂತರೆ ಹೊಸ ಗರ್ಭದಿಂದ ಎಚ್‌ಸಿಜಿ ಏರುತ್ತದೆ, ಹಳೆಯ ರೋಗ ಮರುಕಳಿಸಿದೆಯೋ ಅಂತ ಗೊತ್ತೇ ಆಗುವುದಿಲ್ಲ. ಅಂಥವರಿಗೆ ಸಾಮಾನ್ಯ ಪುಸ್ತಕದ ಆ ಅಧ್ಯಾಯ ಕೊಡುವುದೇ ತಪ್ಪು.

ಬ್ಲಡ್ ಗ್ರೂಪ್ ನೆಗೆಟಿವ್ ಆಗಿದ್ದರೆ, ಮುಂದಿನ ಗರ್ಭಕ್ಕೆ ತೊಂದರೆ ಆಗದ ಹಾಗೆ ಕೊಡುವ ಆ್ಯಂಟಿ-ಡಿ ಇಂಜೆಕ್ಷನ್ ಕೊಟ್ಟಿದ್ದಾರಾ ನೋಡಿ. ಗಂಟೆಗೆ ಎರಡು ಪ್ಯಾಡ್ ಒದ್ದೆಯಾಗುವಷ್ಟು ರಕ್ತ ಹೋಗುವುದು ಎರಡು ಗಂಟೆಯಾದರೂ ನಿಲ್ಲದಿದ್ದರೆ, ಜ್ವರ 100.4 ದಾಟಿದರೆ, ವಾಸನೆಯ ಸ್ರಾವ ಇದ್ದರೆ ಗೂಗಲೂ ಬೇಡ ಪುಸ್ತಕವೂ ಬೇಡ, ಸೀದಾ ಆಸ್ಪತ್ರೆ. ಲೇಡಿಗೋಷನ್ ಹತ್ತಿರವೋ ಮಣಿಪಾಲ ಹತ್ತಿರವೋ, ಯಾವುದು ಬೇಗ ಮುಟ್ಟುತ್ತದೋ ಅಲ್ಲಿಗೆ.

——

ಪಡುಬಿದ್ರಿ ಅಕ್ಕ:

ಸಿಸ್ಟರ್, ಈಗ ತೆಗೆದು ನೋಡಿದೆ. "ಮಿಸ್ಡ್ ಅಬಾರ್ಷನ್" (ಭ್ರೂಣದ ಬೆಳವಣಿಗೆ ನಿಂತು ಒಳಗೇ ಉಳಿದದ್ದು) ಅಂತ ಉಂಟು. ಗ್ರೂಪ್ ಒ ಪಾಸಿಟಿವ್. ಸಿಆರ್‌ಎಲ್ ಪಕ್ಕದಲ್ಲಿ ಏಳು ವಾರ ಎರಡು ದಿನ ಅಂತಿದೆ, ಅದನ್ನು ಅತ್ತೆಗೆ ತೋರಿಸುತ್ತೇನೆ. ಕೆಳಗೆ "ಎಚ್‌ಪಿಇಗೆ ಕಳಿಸಲಾಗಿದೆ" ಅಂತ ಬರೆದಿದ್ದಾರೆ, ಆ ರಿಪೋರ್ಟ್ ನಮಗೆ ಯಾರೂ ಕೊಟ್ಟಿಲ್ಲ. ಬ್ಯೂನೊ ಪುಸ್ತಕಕ್ಕೆ ಹೇಳಿದ್ದೇನೆ, ಕರಪತ್ರ ಎರಡು ಪ್ರಿಂಟ್ ಆಯಿತು.

——

ಹೆರಿಗೆ ವಾರ್ಡ್ ಸಿಸ್ಟರ್:

ಆ ರಿಪೋರ್ಟನ್ನು ನೀವೇ ಹೋಗಿ ತೆಗೆದುಕೊಳ್ಳಬೇಕು, ಹೆಚ್ಚಿನ ಕಡೆ ಅದು ಲ್ಯಾಬಿನಲ್ಲೇ ಕೂತಿರ್ತದೆ. ಡಿ ಆ್ಯಂಡ್ ಸಿಯಲ್ಲಿ ತೆಗೆದದ್ದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ವರದಿ ಅದು. ಸ್ಕ್ಯಾನಿನಲ್ಲಿ ಮಿಸ್ಡ್ ಅಂತ ಕಂಡದ್ದು ಪಾರ್ಶಿಯಲ್ ಮೋಲ್ (ಮೋಲಾರ್ ಗರ್ಭದ ಒಂದು ಬಗೆ) ಅಂತ ಕೆಲವೊಮ್ಮೆ ಅಲ್ಲೇ ಗೊತ್ತಾಗುವುದು. ಡಿಸ್ಚಾರ್ಜ್ ಕಾಗದದಲ್ಲಿರುವ ಐಪಿ ನಂಬರ್ (ಒಳರೋಗಿ ಸಂಖ್ಯೆ) ಹಿಡಿದುಕೊಂಡು ಹೋಗಿ, ಡಾಕ್ಟರಿಗೆ ತೋರಿಸಿ. ಅಲ್ಲಿಯ ತನಕ ಮುಂದಿನ ಗರ್ಭದ ಕರಪತ್ರ ನಿಮ್ಮ ಹತ್ತಿರವೇ ಇರಲಿ.